ರೂಪ ಕಡ, ಉಲಿ ಸ್ವಂತದ್ದು

“ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನರ ಲಿಪಿಯ ಜನಕ ಸೆಕ್ವೋಯಾನನ್ನು ಬಹಳ ಹೊಗಳಿದ್ದೀರಿ. ಜೊತೆಗಿದ್ದ ಚಿತ್ರದಲ್ಲಿ ಡಿ, ಆರ್, ಡಬ್ಲ್ಯೂ ಎಲ್ಲವೂ ಇಂಗ್ಲಿಷಿನವೇ. ನಕಲು ಮಾಡಿದವನು ಲಿಪಿಕಾರ ಹೇಗಾದಾನು?”
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ನಿಮ್ಮ ಕಣ್ಣು ಚುರುಕು. ಆದರೆ ಆ ಅಕ್ಷರಗಳನ್ನು ಓದುವ ಬಗೆ ಕೇಳಿ: ಡಿ ಆಕಾರದ್ದು ‘ಅ’, ಆರ್ ‘ಎ’, ಡಬ್ಲ್ಯೂ ‘ಲ’, ಎಚ್ ‘ಮಿ’, ಎಂ ‘ಲು’. ನಕಲು ಮಾಡುವವರು ಇಷ್ಟೊಂದು ತಪ್ಪು ಮಾಡುವುದಿಲ್ಲ! ಸೆಕ್ವೋಯಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆಕಾರ ಕಂಡಿದ್ದ, ಅಷ್ಟೆ.

1770ರ ಸುಮಾರಿಗೆ ಇಂದಿನ ಟೆನ್ನೆಸ್ಸಿಯಲ್ಲಿ ಹುಟ್ಟಿದವನು. ಬೆಳ್ಳಿ ಕೆಲಸದ ಅಕ್ಕಸಾಲಿ, ಒಂದು ಕಾಲು ಊನ. ಬಿಳಿಯರು ಕಾಗದ ನೋಡಿ ದೂರದ ಸುದ್ದಿ ತಿಳಿಯುವುದನ್ನು ಕಂಡು 1809ರ ಹೊತ್ತಿಗೆ ಈ ಕೆಲಸಕ್ಕೆ ಕೂತ. ಮೊದಲು ಪದಕ್ಕೊಂದು ಗುರುತು ಮಾಡಿದ; ಅಷ್ಟನ್ನು ನೆನಪಿಡುವವರಾರು? ಕೈಬಿಟ್ಟ. ನೆರೆಯವರು ಮಾಟಗಾರನೆಂದರು. ಹೆಂಡತಿ ಎಲ್ಲವನ್ನೂ ಸುಟ್ಟಳೆಂದೂ ಹೇಳುತ್ತಾರೆ. (ಹೊಲ ಬೀಳುಬಿಟ್ಟು ಗಂಡ ಗೀಚುತ್ತ ಕೂತರೆ ಯಾವಾಕೆ ಸುಮ್ಮನಿದ್ದಾಳು!)

ದಾರಿ ತೋರಿಸಿದ್ದು ಕಿವಿ. ಮಾತನ್ನು ಬಿಡಿಸಿ ಕೇಳಿದಾಗ ಅವೇ ಉಲಿಗಳು ತಿರುತಿರುಗಿ ಬರುತ್ತಿದ್ದವು. ಉಲಿಗೊಂದರಂತೆ 86 ಅಕ್ಷರ ಕಟ್ಟಿದ. ಬಳಕೆಯಲ್ಲಿ ಉಳಿದದ್ದು 85. ನಮ್ಮಲ್ಲಿ ‘ಗ’ ಕಲಿತವರು ಗುಡಿಸು ಕೊಟ್ಟು ‘ಗಿ’, ಕೊಂಬು ಕೊಟ್ಟು ‘ಗು’ ಮಾಡಿಕೊಳ್ಳುತ್ತಾರೆ. ಅವನ ‘ಗ’, ‘ಗಿ’, ‘ಗು’ಗಳಿಗೆ ನೆಂಟಸ್ತಿಕೆಯೇ ಇಲ್ಲ; ಒಂದೊಂದನ್ನೂ ಬೇರೆಯಾಗಿಯೇ ಕಲಿಯಬೇಕು. ಆದರೂ ಚೆರೊಕೀ ಮಾತಾಡುವವರು ಕೆಲವೇ ವಾರಗಳಲ್ಲಿ ಓದತೊಡಗಿದರು.

1821ರಲ್ಲಿ ಹಿರಿಯರೆದುರು ಪರೀಕ್ಷೆ. ಪುಟ್ಟ ಮಗಳು ಅಯೋಕಾಳನ್ನು ಮಾತು ಕೇಳಿಸದಷ್ಟು ದೂರ ಕಳಿಸಿ, ಹಿರಿಯರು ಹೇಳಿದ್ದನ್ನು ಬರೆದುಕೊಂಡ. ಅವಳು ಬಂದು ಕಾಗದ ಹಿಡಿದು ಅದನ್ನೇ ಓದಿದಳು. 1825ರಲ್ಲಿ ಚೆರೊಕೀ ರಾಷ್ಟ್ರ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿತು.

ಇನ್ನು ನಮ್ಮ ಕಸುಬಿನ ಮಾತು. ಸೆಕ್ವೋಯಾನ ಕೈಬರಹದಲ್ಲಿ ಸುರುಳಿಗಳು, ಬಳುಕುಗಳು ಹೆಚ್ಚು. ಬಾಸ್ಟನ್ನಿನಲ್ಲಿ ಅಚ್ಚಿನ ಮೊಳೆ ಎರಕವಾಗುವ ಹೊತ್ತಿಗೆ ರೂಪಗಳು ಬಹಳ ಬದಲಾಗಿದ್ದವು. 1828ರ ಫೆಬ್ರವರಿ 21ರಂದು ಚೆರೊಕೀ ರಾಜಧಾನಿ ನ್ಯೂ ಎಕೋಟಾದಿಂದ ಹೊರಬಂದ ‘ಚೆರೊಕೀ ಫೀನಿಕ್ಸ್’ ಪತ್ರಿಕೆಗೆ ಬಳಸಿದ್ದು ಆ ಮೊಳೆಗಳನ್ನೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಓದುಗರನ್ನು ಸೈನಿಕರು ನೆಲ ಬಿಡಿಸಿ ಪಶ್ಚಿಮಕ್ಕೆ ಅಟ್ಟಿದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಅದಕ್ಕೆ ಮೊದಲೇ ಪಶ್ಚಿಮಕ್ಕೆ ಹೋಗಿದ್ದ ಸೆಕ್ವೋಯಾ, ಚದುರಿದ ತನ್ನವರನ್ನು ಹುಡುಕುತ್ತ 1843ರಲ್ಲಿ ಮೆಕ್ಸಿಕೊದಲ್ಲಿ ತೀರಿಕೊಂಡ.

ಕಳೆದ ಸಂಚಿಕೆಯಲ್ಲಿದ್ದದ್ದು ಅಚ್ಚಿನ ಅಕ್ಷರಗಳ ಚಿತ್ರ. ಅದರ ಕೆಳಗೆ ‘ಸೆಕ್ವೋಯಾನ ಕೈಬರಹ’ ಎಂದು ಹಾಕಿ ನಿಮ್ಮನ್ನು ದಾರಿ ತಪ್ಪಿಸಿದವರು ನಾವೇ. ಕ್ಷಮೆಯಿರಲಿ.