ಕಡಲ ಬದಿಯವರಿಗೆ ಈಜು ಬರ್ಲೇಬೇಕಾ?

ಕಾಸರಗೋಡು ಜಿಲ್ಲೆಯ ಉಪ್ಪಳದ ಕಡಲ ಬದಿಯಲ್ಲಿ ಹುಟ್ಟಿ ಈಗ ಬೆಂಗಳೂರಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: "ಆಫೀಸಿನವರೆಲ್ಲ ರೆಸಾರ್ಟಿಗೆ ಹೋಗಿದ್ದೆವು. ನೀವು ಬೀಚ್ ಕಡೆಯವರಲ್ವಾ, ಮೊದ್ಲು ನೀವೇ ಪೂಲಿಗೆ ಇಳೀರಿ ಅಂದ್ರು. ನನಗೆ ಈಜ್ಲಿಕ್ಕೆ ಬರೂದಿಲ್ಲ. ನಮ್ಮ ಮನೆಯಿಂದ ಕಡಲಿಗೆ ಇನ್ನೂರು ಹೆಜ್ಜೆ ಇಲ್ಲ, ಆದ್ರೂ ಅಪ್ಪನಿಗೂ ಬರ್ತಿರ್ಲಿಲ್ಲ, ಅಮ್ಮನಿಗಂತೂ ಇಲ್ಲವೇ ಇಲ್ಲ. ತುಂಬ ನಾಚಿಕೆ ಆಯ್ತು. ಕಡಲ ಬದಿಯವರಿಗೆ ಈಜು ಬರ್ತದೆ ಅನ್ನೂದು ನಿಜವಾ? ಎಂಟು ವರ್ಷದ ಮಗಳಿದ್ದಾಳೆ, ಅವಳಿಗೆ ಕಲಿಸ್ಬೇಕಾ, ಎಲ್ಲಿ ಕಲಿಸೂದು?"

ಅಕ್ಕಾ, ಮೊದ್ಲು ಆ ನಾಚಿಕೆ ಬಿಡಿ. ನಿಮ್ಮ ಹಾಗೆ ಇರುವವರು ನಮ್ಮ ಜಿಲ್ಲೆಯ ಈ ತುದಿ ಮಂಜೇಶ್ವರದಿಂದ ಆ ತುದಿ ತೃಕ್ಕರಿಪುರದವರೆಗೆ ಸಾವಿರಗಟ್ಟಲೆ ಇದ್ದಾರೆ, ಕೇಳಿದ್ರೆ ಹೇಳೂದಿಲ್ಲ ಅಷ್ಟೆ.

ನಾನು ಕಡಲಿಂದ ಸುಮಾರು ಒಳಗೆ, ನೀರ್ಚಾಲು ಕಡೆಯ ಅಡಿಕೆ ತೋಟದಲ್ಲಿ ಬೆಳೆದವ. ಚಿಕ್ಕವನಿದ್ದಾಗ ಕಡಲು ನೋಡೂದು ಅಂದ್ರೆ ವರ್ಷಕ್ಕೊಮ್ಮೆ ಕುಂಬಳೆಗೆ ಹೋದಾಗ ಮಾತ್ರ. ಆದ್ರೆ ಈಜು ಬಂತು, ಯಾಕೆಂದ್ರೆ ತೋಟದಲ್ಲಿ ಕೆರೆ ಇತ್ತು, ಕಲಿಸ್ಲಿಕ್ಕೆ ಸೋದರಮಾವ ಇದ್ರು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ತಂದು ಹಗ್ಗದಲ್ಲಿ ಜೋಡಿ ಕಟ್ಟಿ ಎದೆ ಕೆಳಗೆ ಕೊಟ್ಟು ನೀರಿಗೆ ಬಿಡ್ತಿದ್ರು, ಹತ್ತು ದಿವಸ ಆದ್ಮೇಲೆ ಒಂದು ಕಾಯಿ ತೆಗೀತಿದ್ರು, ಮತ್ತೆ ಒಂದು ದಿವಸ ಹೇಳದೇ ಇನ್ನೊಂದನ್ನೂ ತೆಗೆದ್ರು, ನಾನು ಬೊಬ್ಬೆ ಹೊಡೀತಾ ಹೊಡೀತಾ ಆಚೆ ಮೆಟ್ಟಿಲು ಮುಟ್ಟಿದ್ದೆ. ಪೆರ್ಲ, ಬದಿಯಡ್ಕ, ಎಣ್ಮಕಜೆ ಕಡೆಯ ನನ್ನ ಪ್ರಾಯದವರನ್ನು ಕೇಳಿ, ಹೆಚ್ಚಿನವರು ಇದೇ ಕತೆ ಹೇಳ್ತಾರೆ, ತೆಂಗಿನಕಾಯಿ ಬದಲು ಬಾಳೆದಿಂಡು ಇದ್ದೀತು.

ನಿಮ್ಮ ಮನೆ ಮುಂದೆ ಇದ್ದದ್ದು ಕಡಲು. ಅದ್ರಲ್ಲಿ ಮಗುವನ್ನು ತೇಲಿ ಬಿಟ್ಟು ಕಲಿಸ್ಲಿಕ್ಕೆ ಯಾರಿಗೆ ಧೈರ್ಯ ಬರ್ತದೆ ಹೇಳಿ? ಈಜು ಕಲೀಲಿಕ್ಕೆ ನಿಂತ ನೀರು ಬೇಕು, ಕಾಲು ಸಿಗುವ ಜಾಗ ಬೇಕು, ಪಕ್ಕದಲ್ಲಿ ಒಬ್ರು ದೊಡ್ಡವರು ಬೇಕು. ಕಡಲಲ್ಲಿ ಮೊದಲಿನ ಎರಡೂ ಇಲ್ಲ. ಹಾಗಾಗಿ ನಿಮ್ಮ ಅಪ್ಪ ಅಮ್ಮ "ನೀರಿಗೆ ಹೋಗ್ಬೇಡ" ಅಂತ ಹೇಳಿಯೇ ನಿಮ್ಮನ್ನು ಬೆಳೆಸಿದ್ದು, ಅದು ಸರಿಯಾದ ಹೆದರಿಕೆಯೇ. ನಾವು ನೀರಲ್ಲಿ ತೇಲೂದು ನೋಡಿದ್ರೆ ಕಡಲೇ ಸುಲಭ ಆಗ್ಬೇಕಿತ್ತು, ಒಂದು ಲೀಟರ್ ಕಡಲ ನೀರು ಕೆರೆ ನೀರಿಗಿಂತ ಸುಮಾರು 25 ಗ್ರಾಂ ಹೆಚ್ಚು ಭಾರ, ಉಪ್ಪು ಇರೂದ್ರಿಂದ ಮೈ ಸ್ವಲ್ಪ ಮೇಲೆ ನಿಲ್ತದೆ. ಆದ್ರೆ ತೆರೆ, ಸೆಳೆತ, ಕಾಲಡಿಯ ಮರಳು ಜಾರೂದು, ಇದೆಲ್ಲ ಸೇರಿ ಆ ಲಾಭವನ್ನು ನುಂಗಿ ಹಾಕ್ತದೆ.

ಬೆಂಗಳೂರನ್ನೇ ನೋಡಿ. ಸಮುದ್ರದಿಂದ ರಸ್ತೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, 900 ಮೀಟರ್ ಎತ್ತರ, ಆದ್ರೂ ದೇಶದ ಎಷ್ಟೋ ಒಳ್ಳೆಯ ಈಜುಗಾರರು ಅಲ್ಲಿಂದಲೇ ಬಂದದ್ದು, ನಿಶಾ ಮಿಲ್ಲೆಟ್, ಶ್ರೀಹರಿ ನಟರಾಜ್ ಇವರೆಲ್ಲ. ನಮ್ಮ ಕೇರಳದ ಸಜನ್ ಪ್ರಕಾಶ್ 2021ರಲ್ಲಿ ಒಲಿಂಪಿಕ್ಸಿಗೆ ನೇರ ಅರ್ಹತೆಯ ಟೈಮಿಂಗ್ ಮುಟ್ಟಿದ ಮೊದಲ ಭಾರತೀಯ ಈಜುಗಾರ, ಅವರು ಹುಟ್ಟಿದ್ದು ಕಡಲೇ ಇಲ್ಲದ ಇಡುಕ್ಕಿ ಜಿಲ್ಲೆಯಲ್ಲಿ, ಬೆಳೆದದ್ದು ತಮಿಳುನಾಡಿನ ನೈವೇಲಿಯಲ್ಲಿ. ಪೂಲ್ ಇತ್ತು, ಕೋಚ್ ಇದ್ರು, ಮನೆಯವರ ಒತ್ತಾಸೆ ಇತ್ತು.

ಹಾಗಾದ್ರೆ ಮೀನುಗಾರರು? ಅವರಲ್ಲೂ ಎಲ್ಲರಿಗೂ ಬರೂದಿಲ್ಲ, ಕೇಳಿದವರಿಗೆ ಆಶ್ಚರ್ಯ ಆಗ್ತದೆ. ಕೈರಂಪಣಿ, ಅಂದ್ರೆ ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ, ಅದನ್ನು ಎಳೆಯುವವರು ಎದೆಮಟ್ಟ ನೀರಲ್ಲಿ ತೆರೆ ಹಾರಿ ನಿಲ್ತಾರೆ, ಅದೇ ಒಂದು ವಿದ್ಯೆ, ಈಜಿನ ಹಾಗೆ ಕಂಡ್ರೂ ಬೇರೆಯೇ. ಇನ್ನು ಹೊರಗೆ ಹೋಗುವವರ ಕೆಲಸ ಇರೂದು ದೋಣಿ ಮೇಲೆ. ದಡದಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ ದೋಣಿ ಮಗುಚಿದ್ರೆ ಎಷ್ಟು ದೊಡ್ಡ ಈಜುಗಾರನಾದ್ರೂ ಈಜಿ ಬರೂದು ಕಷ್ಟ, ಮಗುಚಿದ ದೋಣಿಯನ್ನೋ ಖಾಲಿ ಕ್ಯಾನನ್ನೋ ಹಿಡ್ಕೊಂಡು ಯಾರಾದ್ರೂ ಬರುವವರೆಗೆ ತೇಲಿಕೊಂಡಿರೂದೇ ದಾರಿ. ಅದಕ್ಕೇ ಲೈಫ್ ಜಾಕೆಟ್ ಹಾಕಿ ಅಂತ ಬಾಯಿ ನೋಯುವಷ್ಟು ಹೇಳೂದು. ಆದ್ರೆ ಇದೇ ಜನ ಕೇರಳದ 2018ರ ಆಗಸ್ಟ್ ನೆರೆಯಲ್ಲಿ ತಮ್ಮ ದೋಣಿಗಳನ್ನು ಲಾರಿಗೆ ಹಾಕಿ ಒಳನಾಡಿಗೆ ಹೋಗಿ ಸಾವಿರಾರು ಜನರನ್ನು ಕಾಪಾಡಿದ್ರು, ಮಲಪ್ಪುರಂ ಕಡೆ ಒಬ್ಬ ಮೀನುಗಾರ ನೀರಲ್ಲಿ ಬಗ್ಗಿ ಬೆನ್ನನ್ನೇ ಮೆಟ್ಟಿಲು ಮಾಡಿ ಹೆಂಗಸರನ್ನು ದೋಣಿಗೆ ಹತ್ತಿಸಿದ್ದನ್ನು ಇಡೀ ದೇಶ ನೋಡಿದೆ. ನೀರಿನ ಬುದ್ಧಿ ಅವರಿಗಿದ್ದಷ್ಟು ಯಾರಿಗೂ ಇಲ್ಲ.

ಇನ್ನೊಂದು ಮಾತು ಹೇಳ್ಬೇಕು, ಬರೀಲಿಕ್ಕೆ ಈಗಲೂ ಕೈ ಬರೂದಿಲ್ಲ. ನನ್ನ ಜೊತೆ ಓದಿದ ಒಬ್ಬ ಹುಡುಗ ಕೆರೆಯಲ್ಲಿ ನಮಗೆಲ್ಲರಿಗಿಂತ ಜೋರು, ಉಸಿರು ಕಟ್ಟಿ ಆ ಬದಿಯಿಂದ ಈ ಬದಿಗೆ ಅಡಿಯಲ್ಲೇ ಬರ್ತಿದ್ದ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಇಳಿದ, ಸಿಕ್ಕಿದ್ದು ಮೂರನೇ ದಿವಸ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲ ಎಳೆತವೂ ಒಂದೇ ದಿಕ್ಕಿಗೆ ಹೋಗ್ತದೆ, ಮೇಲಿಂದ ನೋಡಿದ್ರೆ ಶಾಂತ. ಬೀಚಿನಲ್ಲೂ ಹಾಗೆಯೇ, ತೆರೆ ಒಡೆಯದೆ ಕಪ್ಪಾಗಿ ಸಮ ಕಾಣುವ ಜಾಗವನ್ನೇ ಜನ ಆರಿಸಿ ಇಳೀತಾರೆ, ಅಲ್ಲಿಯೇ ದಡಕ್ಕೆ ಬಂದ ನೀರು ವಾಪಸ್ ಹೋಗುವ ಸೆಳೆತ ಇರೂದು. ಅದು ಜೋರಾದಾಗ ಸೆಕೆಂಡಿಗೆ ಎರಡು ಮೀಟರಿಗಿಂತ ಹೆಚ್ಚು, ಒಲಿಂಪಿಕ್ ಈಜುಗಾರನೂ ಅದಕ್ಕೆ ಎದುರು ಈಜಿ ಗೆಲ್ಲೂದಿಲ್ಲ. ಸಿಕ್ಕಿಬಿದ್ರೆ ದಡದ ಕಡೆಗೆ ಹೊಡೆದಾಡಿ ಸುಸ್ತಾಗ್ಬಾರ್ದು, ತೇಲ್ಬೇಕು, ಕೈ ಎತ್ತಿ ಕರೀಬೇಕು, ಆಗೂದಾದ್ರೆ ದಡಕ್ಕೆ ಸಮಾನವಾಗಿ ಬಲಕ್ಕೋ ಎಡಕ್ಕೋ ಈಜಿ ಆ ಸೆಳೆತದ ಪಟ್ಟಿಯಿಂದ ಹೊರಗೆ ಬಂದು ಮತ್ತೆ ದಡಕ್ಕೆ ತಿರುಗ್ಬೇಕು. ಇದನ್ನು ನಮಗೆ ಆಗ ಯಾರೂ ಹೇಳ್ಲಿಲ್ಲ. ಹೇಳಿದ್ರೆ ಅವ ಇರ್ತಿದ್ದ ಅಂತ ಈಗಲೂ ನನಗೆ ಅನ್ನಿಸ್ತದೆ.

ಈಗ ಕೆರೆಯೂ ಹೋಗ್ತಾ ಉಂಟು. ಬೋರ್‌ವೆಲ್ ಬಂತು, ಎಷ್ಟೋ ಕೆರೆ ಮುಚ್ಚಿ ಹೋಯ್ತು, ಉಳಿದದ್ದಕ್ಕೆ ಬೇಲಿ. ಬದಲಿಗೆ ಗುಡ್ಡದ ಮೇಲೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು, ಮಳೆಗಾಲದಲ್ಲಿ ನೀರು ತುಂಬಿ ಚೌಕಾಕಾರದ ಪೂಲಿನ ಹಾಗೆ ಕಾಣ್ತವೆ, ಮೆಟ್ಟಿಲಿಲ್ಲ, ಹಿಡೀಲಿಕ್ಕೆ ಒಂದು ಬೇರೂ ಇಲ್ಲ, ಮಕ್ಕಳು ಅಲ್ಲಿ ಇಳೀತಾರೆ. ಮುಳುಗಿ ಸಾಯುವವರು ಲೋಕದಲ್ಲಿ ವರ್ಷಕ್ಕೆ ಅಂದಾಜು 3 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳ್ತದೆ, ಹತ್ತರಲ್ಲಿ ಒಂಬತ್ತು ನಮ್ಮಂಥ ದೇಶಗಳಲ್ಲಿ, ಅದೂ ಹೆಚ್ಚಾಗಿ ಬೀಚಲ್ಲಲ್ಲ, ಮನೆ ಹತ್ತಿರದ ಕೆರೆ, ಹೊಳೆ, ಬಾವಿಗಳಲ್ಲಿ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಬೇಜಾರು. ನನ್ನ ತಂಗಿ ನನ್ನ ಜೊತೆಯೇ ಕಲಿತವಳು, ಹನ್ನೊಂದು ವರ್ಷ ಆದ ಕೂಡ್ಲೇ "ಇನ್ನು ಸಾಕು" ಅಂತ ಕೆರೆ ಬಂದ್ ಆಯ್ತು. ಅದು ತಪ್ಪು. ನಿಮ್ಮ ಅಮ್ಮನಿಗೆ "ಇಲ್ಲವೇ ಇಲ್ಲ" ಅಂತ ಬರೆದಿದ್ದೀರಲ್ಲ, ಅವರಿಗೆ ಯಾರೂ ಕೇಳಿರ್ಲಿಕ್ಕಿಲ್ಲ ಬೇಕಾ ಅಂತ.

ಮಗಳಿಗೆ ಕಲಿಸಿ ಅಕ್ಕಾ, ಈ ಬೇಸಿಗೆಯಲ್ಲೇ. ಬೆಂಗಳೂರಲ್ಲಿ ಮನೆ ಹತ್ತಿರದ ಪೂಲಿಗೆ ಸೇರಿಸಿ, ಮೊದ್ಲು ಮಲಗಿ ತೇಲೂದು ಕಲಿಸ್ಲಿ, ಸ್ಪೀಡ್ ಆಮೇಲೆ. ಅವಳ ಜೊತೆ ನೀವೂ ಸೇರಿ, ಪ್ರಾಯ ಆಯ್ತು ಅಂತ ಏನಿಲ್ಲ, ನನ್ನ ತಂಗಿ ನಲವತ್ತೆರಡರಲ್ಲಿ ವಾಪಸ್ ನೀರಿಗೆ ಇಳಿದಿದ್ದಾಳೆ. ಪೂಲಲ್ಲಿ ಕಲಿತದ್ದು ಕಡಲಿಗೆ ಸಾಲೂದಿಲ್ಲ ಅನ್ನೂದನ್ನು ಮಾತ್ರ ಮಗಳಿಗೆ ಮೊದಲ ದಿವಸವೇ ಹೇಳಿ. ಮೇ ತಿಂಗಳಲ್ಲಿ ಉಪ್ಪಳಕ್ಕೆ ಬರೂದಾದ್ರೆ ಒಂದು ಕಾಗದ ಹಾಕಿ, ನಮ್ಮ ತೋಟದ ಕೆರೆ ಇನ್ನೂ ಉಂಟು, ಆಗ ನೀರು ಎದೆಮಟ್ಟ ಇರ್ತದೆ, ತೆಂಗಿನಕಾಯಿ ನಾನೇ ಕಟ್ಟಿಕೊಡ್ತೇನೆ, ನಿಮ್ಮ ಅಮ್ಮನನ್ನೂ ಕರ್ಕೊಂಡು ಬನ್ನಿ.