ಇಶ್ಯೂ ರಿಜಿಸ್ಟರಿನಲ್ಲೇ ಇದೆ ನಿಮ್ಮ ರಿಸೋರ್ಸ್

ಪ್ರಶ್ನೆ: ಸರ್, ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಕಾಲೇಜಿನ ಲೈಬ್ರರಿಗಾಗಿ ರೂಬಿ ಆನ್ ರೇಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಒಂದು ಆ್ಯಪ್ ಮಾಡುತ್ತಿದ್ದೇನೆ. ಯಾವ ವಿಳಾಸಕ್ಕೆ ಯಾವ ಕೋಡ್ ಓಡಬೇಕೆಂದು ಹೇಳುವ ರೌಟ್ಸ್ ಫೈಲಿನಲ್ಲಿ ‘ರಿಸೋರ್ಸಸ್ ಬುಕ್ಸ್’ ಎಂದು ಬರೆದು, ಅದರ ಕೆಳಗೆ ಇಶ್ಯೂ, ರಿಟರ್ನ್, ರಿನ್ಯೂ, ಓವರ್‌ಡ್ಯೂ ಅಂತ ಒಂದೊಂದೇ ಸಾಲು ಸೇರಿಸುತ್ತಾ ಹೋದೆ. ಈಗ ಓವರ್‌ಡ್ಯೂ ಪಟ್ಟಿ ತೆರೆದರೆ, ಆ ಐಡಿಯ ಪುಸ್ತಕ ಸಿಗಲಿಲ್ಲ ಎಂಬ ಎರರ್ ಬರುತ್ತಿದೆ. ಆ ಕೋಡ್ ಇರುವ ಬುಕ್ಸ್ ಕಂಟ್ರೋಲರ್‌ನಲ್ಲಿ, ಒಂದೊಂದು ಕೆಲಸಕ್ಕೆ ಒಂದರಂತೆ, ಹದಿನಾಲ್ಕು ಆ್ಯಕ್ಷನ್‌ಗಳಾಗಿವೆ. ಎಲ್ಲಿ ತಪ್ಪಿದೆ?

ಉತ್ತರ: ಎರರ್‌ನ ವಿಷಯ ಮೊದಲು ಮುಗಿಸೋಣ, ಅದು ಸಣ್ಣದು. ರೇಲ್ಸ್‌ನ ರೌಟರ್ ನಿಮ್ಮ ಫೈಲನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ಬಂದ ವಿಳಾಸಕ್ಕೆ ಮೊದಲು ಹೊಂದಿದ ಸಾಲು ಯಾವುದೋ ಅದಕ್ಕೇ ಕೆಲಸ ಒಪ್ಪಿಸುತ್ತದೆ. ಕೆಳಗೆ ಇನ್ನೂ ಸರಿಯಾದ ಸಾಲಿದ್ದರೂ ಅಲ್ಲಿಯವರೆಗೆ ಹೋಗುವುದೇ ಇಲ್ಲ. ‘ರಿಸೋರ್ಸಸ್ ಬುಕ್ಸ್’ ಒಳಗೆ ಒಂದು ಪುಸ್ತಕವನ್ನು ತೋರಿಸುವ ಶೋ ರೌಟ್ ಇದೆಯಲ್ಲ, ಅದು ‘ಬುಕ್ಸ್’ ಆದ ಮೇಲೆ ಬರುವ ಜಾಗದಲ್ಲಿ ಏನು ಕೊಟ್ಟರೂ ಐಡಿ ಎಂದೇ ತಿಳಿಯುತ್ತದೆ. ಅಲ್ಲಿ ಅಂಕಿಯೇ ಇರಬೇಕೆಂದು ನೀವು ಹೇಳಿಲ್ಲ. ಹಾಗಾಗಿ /ಬುಕ್ಸ್/ಓವರ್‌ಡ್ಯೂ ಎಂದು ಕೇಳಿದಾಗ ‘ಓವರ್‌ಡ್ಯೂ’ ಎಂಬ ಐಡಿ ಹಿಡಿದುಕೊಂಡು ಶೋ ಆ್ಯಕ್ಷನ್ ಡೇಟಾಬೇಸಿಗೆ ಹೋಯಿತು, ಬರಿಗೈಯಲ್ಲಿ ವಾಪಸ್ ಬಂತು.

‘ರಿಸೋರ್ಸಸ್ ಬುಕ್ಸ್’ ಸಾಲಿಗೆ ಡು–ಎಂಡ್ ಬ್ಲಾಕ್ ಕೊಟ್ಟು, ಅದರೊಳಗೆ ಓವರ್‌ಡ್ಯೂವನ್ನು ಕಲೆಕ್ಷನ್ ರೌಟ್ (ಒಂದು ಪುಸ್ತಕಕ್ಕಲ್ಲ, ಇಡೀ ಪಟ್ಟಿಗೆ ಸೇರಿದ ರೌಟ್) ಆಗಿ ಬರೆಯಿರಿ. ಬ್ಲಾಕಿನೊಳಗಿನ ಸಾಲುಗಳನ್ನು ರೇಲ್ಸ್ ಮೊದಲು ದಾಖಲಿಸಿಕೊಂಡು, ಆಮೇಲೆ ತನ್ನ ಮಾಮೂಲಿ ರೌಟ್‌ಗಳನ್ನು ಸೇರಿಸುತ್ತದೆ. ಆದ್ದರಿಂದ ಈ ತಾಕಲಾಟ ಬರುವುದಿಲ್ಲ. ಟರ್ಮಿನಲ್‌ನಲ್ಲಿ ‘ರೇಲ್ಸ್ ರೌಟ್ಸ್’ ಕಮಾಂಡ್ ಕೊಟ್ಟು ಯಾವ ಸಾಲು ಮೇಲಿದೆ ಎಂದು ಕಣ್ಣಾರೆ ನೋಡಿ. ಪಟ್ಟಿ ಉದ್ದವಾದರೆ, ಹೈಫನ್ ಸಿ ಹಾಕಿ ಕಂಟ್ರೋಲರ್ ಹೆಸರು ಕೊಟ್ಟರೆ ಅದರ ರೌಟ್‌ಗಳಷ್ಟೇ ಬರುತ್ತವೆ.

ಆದರೆ ಇಷ್ಟಕ್ಕೆ ನಿಲ್ಲಬೇಡಿ. ನನಗೆ ಕಾಳಜಿ ಇರುವುದು ಆ ಹದಿನಾಲ್ಕು ಆ್ಯಕ್ಷನ್‌ಗಳ ಬಗ್ಗೆ.

‘ರಿಸೋರ್ಸಸ್’ ಎಂಬ ಒಂದು ಸಾಲು ಏಳು ಆ್ಯಕ್ಷನ್ ಕೊಡುತ್ತದೆ: ಪಟ್ಟಿಗೆ ಇಂಡೆಕ್ಸ್, ಒಂದನ್ನು ನೋಡಲು ಶೋ, ಖಾಲಿ ಫಾರಂಗೆ ನ್ಯೂ, ಅದನ್ನು ಉಳಿಸಲು ಕ್ರಿಯೇಟ್, ತಿದ್ದುವ ಫಾರಂಗೆ ಎಡಿಟ್, ತಿದ್ದಿದ್ದನ್ನು ಉಳಿಸಲು ಅಪ್‌ಡೇಟ್, ಅಳಿಸಲು ಡಿಸ್ಟ್ರಾಯ್. ‘ರೇಲ್ಸ್ ರೌಟ್ಸ್’ ಪಟ್ಟಿಯಲ್ಲಿ ಎಂಟು ಸಾಲು ಕಂಡರೆ ಗಾಬರಿಯಾಗಬೇಡಿ. ಅಪ್‌ಡೇಟ್‌ಗೆ ಪ್ಯಾಚ್ ಮತ್ತು ಪುಟ್ ಎಂಬ ಎರಡೂ ಎಚ್‌ಟಿಟಿಪಿ ಮೆಥಡ್‌ಗಳು (ಏನು ಮಾಡಬೇಕೆಂದು ಸರ್ವರ್‌ಗೆ ಹೇಳುವ ಪದಗಳು) ಬರುತ್ತವೆ. 2013ರ ರೇಲ್ಸ್ 4ರಿಂದ ಪ್ಯಾಚ್ ಮುಖ್ಯವಾಯಿತು, ಪುಟ್ ಹಾಗೇ ಉಳಿಯಿತು. /ಬುಕ್ಸ್/12 ಎಂಬ ಒಂದೇ ವಿಳಾಸಕ್ಕೆ ಗೆಟ್ ಕಳಿಸಿದರೆ ನೋಡುವುದು, ಪ್ಯಾಚ್ ಕಳಿಸಿದರೆ ತಿದ್ದುವುದು, ಡಿಲೀಟ್ ಕಳಿಸಿದರೆ ಅಳಿಸುವುದು. ವಿಳಾಸ ವಸ್ತುವಿನ ಹೆಸರು ಹೇಳುತ್ತದೆ, ಏನು ಮಾಡಬೇಕು ಎಂಬುದನ್ನು ಎಚ್‌ಟಿಟಿಪಿ ಮೆಥಡ್ ಹೇಳುತ್ತದೆ. ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಎಂದು ಹೆಸರಿಟ್ಟ ವೆಬ್ ವಿನ್ಯಾಸದ ವಿಚಾರ ಇದಕ್ಕಿಂತ ಬಹಳ ದೊಡ್ಡದು. ಅದರ ಈ ಒಂದು ಅಂಶವನ್ನು ರೇಲ್ಸ್ ಗಟ್ಟಿಯಾಗಿ ಹಿಡಿದುಕೊಂಡಿತು. 2007ರ ಜನವರಿಯಲ್ಲಿ ಬಂದ 1.2ನೇ ಆವೃತ್ತಿಯಿಂದ ರಿಸೋರ್ಸ್ ರೌಟ್‌ಗಳು ಅದರ ಭಾಗವಾಗಿವೆ.

ಈಗ ನಿಮ್ಮ ಪಟ್ಟಿ ನೋಡಿ. ಇಶ್ಯೂ ಮಾಡು, ರಿಟರ್ನ್ ಮಾಡು, ರಿನ್ಯೂ ಮಾಡು. ಎಲ್ಲವೂ ಕ್ರಿಯಾಪದ. ಏಳರಲ್ಲಿ ಸೇರದ ಒಂದು ಕ್ರಿಯಾಪದ ಬೇಕೆನಿಸಿದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಇಲ್ಲಿ ನಾನು ಹೆಸರಿಡದೆ ಬಿಟ್ಟ ನಾಮಪದ ಯಾವುದು?

ಒಮ್ಮೆ ನಿಮ್ಮ ಲೈಬ್ರೇರಿಯನ್ ಹತ್ತಿರ ಹೋಗಿ, ಹಳೆಯ ಇಶ್ಯೂ ರಿಜಿಸ್ಟರ್ ಇದ್ದರೆ ತೋರಿಸಿ ಎಂದು ಕೇಳಿ. ಅಡ್ಡಗೆರೆ ಎಳೆದ ಪುಟದಲ್ಲಿ ತಾರೀಖು, ಪುಸ್ತಕದ ಅಕ್ಸೆಷನ್ ನಂಬರ್, ವಿದ್ಯಾರ್ಥಿಯ ಹೆಸರು, ಹಿಂದಿರುಗಿಸಬೇಕಾದ ದಿನ, ಸಹಿ, ಕೊನೆಗೆ ವಾಪಸ್ ಬಂದ ದಿನಕ್ಕೊಂದು ಖಾಲಿ ಕಾಲಂ. ಆ ಒಂದು ಸಾಲೇ ನೀವು ಹುಡುಕುತ್ತಿರುವ ರಿಸೋರ್ಸ್. ಅದನ್ನು ಲೋನ್ ಎನ್ನೋಣ. ಪುಸ್ತಕದ ಮೇಲೆ ನಡೆಸುವ ಕೆಲಸ ಎಂದು ನೀವು ಅಂದುಕೊಂಡಿದ್ದನ್ನು, ಲೈಬ್ರೇರಿಯನ್ ಕಂಪ್ಯೂಟರ್ ಬರುವುದಕ್ಕೆ ಮುಂಚೆಯೇ ಬೇರೊಂದು ಪುಸ್ತಕದಲ್ಲಿ ಬೇರೆ ಸಾಲಾಗಿ ಬರೆದಿಡುತ್ತಿದ್ದರು.

ಹೀಗೆ ನೋಡಿದರೆ ಇಶ್ಯೂ ಎಂದರೆ ಒಂದು ಲೋನ್ ಕ್ರಿಯೇಟ್ ಮಾಡುವುದು: /ಲೋನ್ಸ್‌ಗೆ ಒಂದು ಪೋಸ್ಟ್. ಓವರ್‌ಡ್ಯೂ ಎನ್ನುವುದು ಪುಸ್ತಕದ ಗುಣವೇ ಅಲ್ಲ, ಗಡುವು ಮೀರುವುದು ಲೋನ್‌ಗೆ. ಅಂದರೆ ಲೋನ್‌ಗಳ ಇಂಡೆಕ್ಸ್‌ಗೆ ‘ಗಡುವು ಮೀರಿದವು ಮಾತ್ರ’ ಎಂಬ ಒಂದು ಕ್ವೆರಿ ಪ್ಯಾರಾಮೀಟರ್ (ವಿಳಾಸದ ಕೊನೆಗೆ ಸೇರಿಸುವ ಷರತ್ತು) ಕೊಟ್ಟರೆ ಸಾಕು. ಮೇಲೆ ನಾನು ಹೇಳಿದ ಕಲೆಕ್ಷನ್ ರೌಟ್ ಆಗ ಬೇಕಾಗುವುದೇ ಇಲ್ಲ.

ರಿನ್ಯೂ ಕೂಡ ನಾಮಪದವಾಗುತ್ತದೆ, ರಿನ್ಯೂವಲ್. ಲೋನ್ 40ಕ್ಕೆ ಸೇರಿದ ರಿನ್ಯೂವಲ್‌ಗಳು, ಅದರಲ್ಲಿ ಕ್ರಿಯೇಟ್ ಒಂದೇ ಇರಲಿ. ಎಷ್ಟು ಸಲ ಮುಂದೂಡಿದರು ಎಂಬ ಲೆಕ್ಕವೂ ಇದರಿಂದ ತಾನಾಗಿ ಸಿಗುತ್ತದೆ. ‘ಎರಡಕ್ಕಿಂತ ಹೆಚ್ಚು ಸಲ ರಿನ್ಯೂ ಇಲ್ಲ’ ಎಂಬ ನಿಯಮ ನಿಮ್ಮ ಕಾಲೇಜಿನಲ್ಲಿದ್ದರೆ ಅದನ್ನು ಎಲ್ಲಿ ಬರೆಯಬೇಕು ಎಂಬ ಗೊಂದಲವೂ ಇರದು. ರಿಟರ್ನ್‌ಗೆ ಎರಡು ದಾರಿ ಇವೆ. ಲೋನ್ ಅಪ್‌ಡೇಟ್ ಮಾಡಿ ವಾಪಸ್ ಬಂದ ದಿನ ತುಂಬಬಹುದು, ತಪ್ಪೇನಿಲ್ಲ. ಆದರೆ ರಿಟರ್ನ್ ಎಂದರೆ ತಾರೀಖು ಬರೆಯುವುದಷ್ಟೇ ಅಲ್ಲ. ದಂಡ ಲೆಕ್ಕ ಹಾಕಬೇಕು, ಪುಸ್ತಕ ಕಾಯ್ದಿರಿಸಿದವರಿಗೆ ತಿಳಿಸಬೇಕು. ಅಪ್‌ಡೇಟ್ ಒಳಗೆ ‘ಇದು ರಿಟರ್ನಾ, ಅಥವಾ ತಾರೀಖು ತಿದ್ದುಪಡಿಯಾ’ ಎಂದು ಇಫ್‌ಗಳನ್ನು ಹಾಕುತ್ತಾ ಕೂರುವುದಕ್ಕಿಂತ, ಲೋನ್ ಒಳಗೆ ರಿಟರ್ನ್ ಎಂಬ ಏಕವಚನದ (ಒಂದು ಲೋನ್‌ಗೆ ಒಂದೇ ಇರುವ) ರಿಸೋರ್ಸ್ ಮಾಡಿ, ಅದಕ್ಕೊಂದು ಪುಟ್ಟ ಕಂಟ್ರೋಲರ್ ಕೊಡುವುದೇ ನನಗೆ ಇಷ್ಟ.

ಇನ್ನು ಎರಡು ಎಚ್ಚರಿಕೆ. ಬುಕ್ಸ್ ಒಳಗೆ ಲೋನ್ಸ್, ಅದರೊಳಗೆ ರಿನ್ಯೂವಲ್ಸ್ ಎಂದು ಮೂರು ಮಟ್ಟ ಹೆಣೆಯಬೇಡಿ. ಲೋನ್ 40 ಎಂದಮೇಲೆ ಅದು ಯಾವ ಪುಸ್ತಕ ಎಂಬುದು ಆ ದಾಖಲೆಯಲ್ಲೇ ಇದೆ, ವಿಳಾಸದಲ್ಲಿ ಮತ್ತೆ ಬೇಡ. ಒಂದು ಮಟ್ಟಕ್ಕಿಂತ ಹೆಚ್ಚು ಬೇಡವೆಂದು ರೇಲ್ಸ್ ಗೈಡ್ ಕೂಡ ಹೇಳುತ್ತದೆ. ಎರಡನೆಯದು, ಲೋನ್ಸ್‌ಗೆ ‘ಓನ್ಲಿ’ ಆಯ್ಕೆ ಕೊಟ್ಟು ಬೇಕಾದ ಆ್ಯಕ್ಷನ್‌ಗಳನ್ನಷ್ಟೇ ತೆರೆಯಿರಿ. ಸ್ಕ್ಯಾಫೋಲ್ಡ್ ಮಾಡಿದ್ದರೆ, ಅಂದರೆ ರೇಲ್ಸ್‌ನಿಂದಲೇ ಸಿದ್ಧ ಕೋಡ್ ಬರೆಸಿದ್ದರೆ, ಡಿಸ್ಟ್ರಾಯ್ ಕೋಡ್ ಆಗಲೇ ಅಲ್ಲಿ ಕೂತಿರುತ್ತದೆ. ಯಾವ ಲೈಬ್ರೇರಿಯನ್ನೂ ರಿಜಿಸ್ಟರಿನ ಹಾಳೆ ಹರಿಯಲು ಬಿಡುವುದಿಲ್ಲ. ನಿಮ್ಮ ರೌಟ್‌ಗಳೂ ಬಿಡಬಾರದು.

ಪ್ರಶ್ನೆ: ಹಳೆಯ ಪಾಠ ನೋಡಿ, ಡಿಲೀಟ್ ಎಂಬ ಲಿಂಕಿಗೆ ‘ಮೆಥಡ್ ಡಿಲೀಟ್’ ಎಂದು ಕೊಟ್ಟೆ. ರೇಲ್ಸ್ 7ರಲ್ಲಿ ಅದನ್ನು ಒತ್ತಿದರೆ ದಾಖಲೆ ಅಳಿಯುವ ಬದಲು ಅದರ ಪುಟವೇ ತೆರೆಯುತ್ತದೆ. ಸುಮ್ಮನೆ ಗೆಟ್ ರೌಟ್ ಒಂದನ್ನು ಬರೆದು ಅಳಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಲಿಂಕ್ ಯಾವಾಗಲೂ ಗೆಟ್ ಕಳಿಸುತ್ತದೆ. ಮೊದಲು ರೇಲ್ಸ್ ಜೊತೆ ಬರುತ್ತಿದ್ದ ಜಾವಾಸ್ಕ್ರಿಪ್ಟ್ ಅದನ್ನು ಡಿಲೀಟ್ ಆಗಿ ಬದಲಿಸುತ್ತಿತ್ತು, ಏಳನೇ ಆವೃತ್ತಿಯಲ್ಲಿ ಅದರ ಜಾಗಕ್ಕೆ ಟರ್ಬೊ ಎಂಬ ಬೇರೆ ಜಾವಾಸ್ಕ್ರಿಪ್ಟ್ ಲೈಬ್ರರಿ ಬಂತು. ಈಗ ‘ಬಟನ್ ಟು’ ಹೆಲ್ಪರ್ ಬಳಸಿ. ಅದು ಒಂದು ಚಿಕ್ಕ ಫಾರಂ ಮಾಡುತ್ತದೆ. ಎಚ್‌ಟಿಎಂಎಲ್ ಫಾರಂಗೆ ಗೆಟ್, ಪೋಸ್ಟ್ ಬಿಟ್ಟರೆ ಬೇರೆ ಗೊತ್ತಿಲ್ಲವಾದ್ದರಿಂದ, ಕಾಣದ ಒಂದು ಫೀಲ್ಡಿನಲ್ಲಿ ‘ಡಿಲೀಟ್’ ಎಂದು ಬರೆದು ಪೋಸ್ಟ್ ಕಳಿಸುತ್ತದೆ. ಸರ್ವರ್‌ನಲ್ಲಿ ರೇಲ್ಸ್‌ಗೆ ಬುನಾದಿಯಾದ ರ‍್ಯಾಕ್‌ನ ಮಿಡಲ್‌ವೇರ್ (ನಡುವೆ ಕೂತು ವಿನಂತಿಯನ್ನು ನೋಡುವ ಕೋಡ್) ಆ ಫೀಲ್ಡ್ ಓದಿ ಡಿಲೀಟ್ ಎಂದೇ ರೌಟರ್‌ಗೆ ದಾಟಿಸುತ್ತದೆ. ಅಳಿಸಿದ ಮೇಲೆ ರಿಡೈರೆಕ್ಟ್ ಮಾಡುವಾಗ 303 ಸ್ಟೇಟಸ್ ಕೊಡಿ, ಹೊಸ ವಿಳಾಸವನ್ನು ಗೆಟ್‌ನಿಂದ ಕೇಳು ಎಂದು ಅದರ ಅರ್ಥ. ಮಾಮೂಲಿ 302 ಕೊಟ್ಟರೆ, ಹೊಸ ವಿಳಾಸಕ್ಕೂ ಡಿಲೀಟನ್ನೇ ಕಳಿಸುವ ಸಂದರ್ಭಗಳಿವೆ.

ಗೆಟ್‌ನಿಂದ ಅಳಿಸಬಾರದು ಎನ್ನುವುದು ಬರೀ ಶಿಷ್ಟಾಚಾರವಲ್ಲ. 2005ರಲ್ಲಿ ಗೂಗಲ್ ವೆಬ್ ಆ್ಯಕ್ಸಿಲರೇಟರ್ ಎಂಬ ಸಾಧನ ಬಂತು. ಪುಟ ಬೇಗ ತೆರೆಯಲೆಂದು ಅದು ಪುಟದಲ್ಲಿನ ಲಿಂಕ್‌ಗಳನ್ನು ಮುಂಚಿತವಾಗಿಯೇ ತಂದಿಟ್ಟುಕೊಳ್ಳುತ್ತಿತ್ತು. ಡಿಲೀಟ್ ಕೆಲಸವನ್ನು ಲಿಂಕ್‌ನಲ್ಲಿ ಇಟ್ಟಿದ್ದ ಆ್ಯಪ್‌ಗಳಲ್ಲಿ, ಬಳಕೆದಾರರು ಏನನ್ನೂ ಒತ್ತದೆ ಅವರ ಮಾಹಿತಿ ಅಳಿಸಿಹೋಯಿತು. ಟರ್ಬೊ 8 ಕೂಡ ಮೌಸ್ ಲಿಂಕಿನ ಮೇಲೆ ಸುಳಿದೊಡನೆ ಆ ಪುಟವನ್ನು ತಂದಿಡಲು ಹೊರಡುತ್ತದೆ. ನಿಮ್ಮ ಗೆಟ್ ರೌಟ್ ಅಳಿಸುವಂಥದ್ದಾದರೆ ಏನಾದೀತು ಯೋಚಿಸಿ.

ಪ್ರಶ್ನೆ: /ಪ್ರೊಫೈಲ್ಸ್/5 ಎಂಬಲ್ಲಿ 5ನ್ನು 6 ಮಾಡಿದರೆ ಬೇರೆಯವರ ಪ್ರೊಫೈಲ್ ಕಾಣುತ್ತದೆ. ರೌಟ್‌ನಲ್ಲೇ ತಡೆಯಬಹುದೇ?

ಉತ್ತರ: ಪ್ರತಿಯೊಬ್ಬರೂ ತಮ್ಮ ಪ್ರೊಫೈಲ್ ಮಾತ್ರ ನೋಡುವುದಾದರೆ ಐಡಿ ಯಾಕೆ ಬೇಕು? ಬಹುವಚನದ ‘ರಿಸೋರ್ಸಸ್’ ಬಿಟ್ಟು ಏಕವಚನದ ‘ರಿಸೋರ್ಸ್ ಪ್ರೊಫೈಲ್’ ಬರೆಯಿರಿ. ಇಂಡೆಕ್ಸ್ ಇರುವುದಿಲ್ಲ, ಉಳಿದ ಆರು ಆ್ಯಕ್ಷನ್ ಇರುತ್ತವೆ, ವಿಳಾಸ ಬರೀ /ಪ್ರೊಫೈಲ್. ಯಾರ ಪ್ರೊಫೈಲ್ ಎಂಬುದನ್ನು ಲಾಗಿನ್ ಆದವರಿಂದ ತಿಳಿದುಕೊಳ್ಳಿ. ಲೋನ್‌ನಂಥ ಕಡೆ ಐಡಿ ಬೇಕೇ ಬೇಕು. ಅಲ್ಲಿ ಎಲ್ಲ ಲೋನ್‌ಗಳಲ್ಲಿ ಹುಡುಕಬೇಡಿ, ಲಾಗಿನ್ ಆದವರ ಲೋನ್‌ಗಳಲ್ಲಿ ಮಾತ್ರ ಹುಡುಕಿ, ಇನ್ನೊಬ್ಬರ ನಂಬರ್ ಹಾಕಿದರೆ 404 ಬರುತ್ತದೆ. ಒಂದು ಮಾತು: ರೌಟ್ ಏಕವಚನವಾದರೂ ರೇಲ್ಸ್ ಹುಡುಕುವುದು ಪ್ರೊಫೈಲ್ಸ್ ಕಂಟ್ರೋಲರನ್ನೇ, ಹಾಗಾಗಿ ಕಂಟ್ರೋಲರ್ ಹೆಸರು ಬದಲಿಸಬೇಡಿ.