ಶಾಂಕರಭಾಷ್ಯಕ್ಕೆ ಯಾವ ವ್ಯಾಖ್ಯಾನ?

ಶಿರಸಿಯಲ್ಲಿದ್ದು ಶಂಕರರ ಬ್ರಹ್ಮಸೂತ್ರಭಾಷ್ಯ ಓದಲು ಹೊರಟಿದ್ದೀರಿ, ಯಾವ ವ್ಯಾಖ್ಯಾನ ನಂಬಲಿ ಎಂದು ಕೇಳಿದ್ದೀರಿ. ಒಂದನ್ನೇ ನೆಚ್ಚಬೇಡಿ. ಅವಿದ್ಯೆಗೆ, ಅಂದರೆ ಅಜ್ಞಾನಕ್ಕೆ, ಆಶ್ರಯ ಯಾವುದು, ಅದು ಯಾರಲ್ಲಿ ನೆಲೆಸಿದೆ ಎಂಬ ಒಂದೇ ಪ್ರಶ್ನೆ ಹಿಡಿದು ನೋಡಿ: ವಾಚಸ್ಪತಿ ಮಿಶ್ರರ ಭಾಮತಿ ಜೀವ ಎನ್ನುತ್ತದೆ, ಪ್ರಕಾಶಾತ್ಮರ ವಿವರಣ ಬ್ರಹ್ಮ ಎನ್ನುತ್ತದೆ. ಇಬ್ಬರೂ ಶಂಕರರ ಪರವಾಗಿಯೇ ಮಾತಾಡುವವರು! ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಇವೆರಡೂ ಮೂಲದಿಂದ ದೂರ ಸರಿದಿವೆ ಎಂದು ವಾದಿಸಿದರು. ಅವರು ಕನ್ನಡದಲ್ಲೂ ಬರೆದಿದ್ದಾರೆ, ನನಗೆ ತುಂಬ ಇಷ್ಟ. ಆದರೆ ಅದೂ ಒಂದು ಪಕ್ಷವೇ. ಮೊದಲು ಶಂಕರರ ಭಾಷ್ಯಕ್ಕೆ ಪೀಠಿಕೆಯಾದ ಅಧ್ಯಾಸಭಾಷ್ಯವನ್ನು, ಕೆಲವೇ ಪುಟ, ಮೂಲದಲ್ಲಿ ಓದಿ. ಆಮೇಲೆ ವ್ಯಾಖ್ಯಾನ ತೆರೆದು, ಪೂರ್ವಪಕ್ಷವನ್ನು, ಅಂದರೆ ಎದುರು ವಾದವನ್ನು, ಪೂರ್ತಿ ಬಲದೊಂದಿಗೆ ಹೇಳಿದ್ದಾರೋ, ಭಾಷ್ಯದ ಮಾತು ಎಲ್ಲಿ ಮುಗಿದು ತಮ್ಮದು ಎಲ್ಲಿ ಶುರುವಾಯಿತೆಂದು ಗೊತ್ತಾಗುತ್ತದೋ ನೋಡಿ. ಸೋಂದೆ ದೂರವಿಲ್ಲ, ಅಲ್ಲಿ ಅದ್ವೈತ ಪರಂಪರೆಯ ಸ್ವರ್ಣವಲ್ಲೀ ಮಠವಿದೆ. ಸಂಶಯ ಬರೆದುಕೊಂಡು ಹೋಗಿ, ಬಲ್ಲವರನ್ನು ಕೇಳಿ.